ಮೊಳೆ ಚುಚ್ಚಿದ ತೂತು

ಹೋದ ವರ್ಷ ಸೊರಟೂರಿನ ಆಚೆ, ಕಡಲೆ ಕಿತ್ತು ಖಾಲಿಯಾದ ಎರೆಹೊಲಗಳ ನಡುವಿನ ದಾರಿಯಲ್ಲಿ ಕುದುರೆಗಾಡಿಗಳ ಓಟ ನಡೆದಾಗ, ಹುಚ್ಚೀರಪ್ಪ ಸಾಹುಕಾರರ ಗಾಡಿ ಮಗುಚಿ ಬಿತ್ತು. ಕುದುರೆಯ ಎದೆಪಟ್ಟಿ ಹರಿದಿತ್ತು. ಗಾಡಿ ಹೊಡೆಯುತ್ತಿದ್ದ ರಫೀಕನ ಬಲಗೈ ಎರಡು ಕಡೆ ಮುರಿಯಿತು. ಎದ್ದ ಧೂಳು ಇಳಿಯುವ ಮೊದಲೇ ಸಾಹುಕಾರರ ಮಗ ವೀರು ಹರಿದ ಪಟ್ಟಿಯನ್ನು ತಲೆಯ ಮೇಲೆ ಎತ್ತಿ ಹಿಡಿದು ಕೂಗಿದ್ದ.

"ನೋಡ್ರಿ, ಬೆಟಗೇರಿ ತಿರಕಪ್ಪನ ಹೊಲಿಗಿ ನೋಡ್ರಿ! ಮುದುಕನ ಕಣ್ಣೂ ಹೋದುವು, ಕೈಯೂ ಹೋತು!"

ಆ ಮಾತು ಸಂಜೆಯೊಳಗೆ ಲಕ್ಷ್ಮೇಶ್ವರ ಮುಟ್ಟಿತು, ಮರುದಿನ ಶಿರಹಟ್ಟಿ, ಮುಂಡರಗಿ. ಕುದುರೆ ಸಾಕುವವರು ಈಗ ಬೆರಳೆಣಿಕೆಯಷ್ಟು; ಅವರೆಲ್ಲ ಒಬ್ಬರಿಗೊಬ್ಬರು ಗೊತ್ತು. ತಿಂಗಳೊಳಗೆ, ಕುದುರೆಗೆ ತೊಗಲಿನ ಪಟ್ಟಿ ಹೊಲಿದುಕೊಡುತ್ತಿದ್ದ ತಿರಕಪ್ಪನ ಬಾಗಿಲಿಗೆ ಬರುವವರು ನಿಂತುಹೋದರು. ಆರು ತಿಂಗಳಿಗೆ ವೀರು ಲಕ್ಷ್ಮೇಶ್ವರದಲ್ಲಿ ಸಿದ್ಧ ನೈಲಾನ್ ಪಟ್ಟಿಗಳ ಅಂಗಡಿ ತೆರೆದ.

ಇಷ್ಟೇ ಆಗಿದ್ದರೆ ತಿರಕಪ್ಪನ ಮಗಳು ಮಾಯಾ ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದಳೇನೋ. ಗದಗಿನ ಕಾಲೇಜಿನಲ್ಲಿ ಬಿ.ಎ. ಮುಗಿಸಿಯೂ ಅಪ್ಪನ ಪಕ್ಕ ಕೂತು ತೊಗಲು ಹೊಲಿಯುವುದನ್ನು ಕಲಿತವಳು ಅವಳು. ಕೆಲಸ ಹೋದರೆ ಶಾಲೆಯ ಚೀಲಗಳಿಗೆ ಜಿಪ್ ಹಾಕಿಯಾದರೂ ಬದುಕಬಹುದು. ಹಾಗೆಯೇ ಬದುಕುತ್ತಿದ್ದಳು ಕೂಡ. ಅವಳಿಗೆ ನುಂಗಲಾಗದ್ದು ಬೇರೆ ಇತ್ತು.

ಓಟದ ಮೂರನೆಯ ದಿನ ತಿರಕಪ್ಪ ವೀರುವಿನ ಹತ್ತಿರ ಹೋಗಿ ಕೈಮುಗಿದು ಕೇಳಿದ್ದ: "ಆ ಪಟ್ಟಿ ಒಮ್ಮಿ ತೋರಸ್ರಿ ಧಣಿ. ಎಲ್ಲಿ ಹರದೈತಿ ಅಂತ ನೋಡ್ತೀನಿ, ಅಷ್ಟ."

"ಅದನ್ನ ಮಾಗಡಿ ಕೆರಿಗೆ ಒಗಸೀನಿ. ಬೇಕಂದ್ರ ಹೋಗಿ ಹುಡಿಕ್ಯಾ," ಅಂದಿದ್ದ ವೀರು, ಗೆಳೆಯರ ಕಡೆ ಕಣ್ಣು ಹೊಡೆದು.

ತಿರಕಪ್ಪ ಹೋದ. ಅರವತ್ತೆರಡರ ಮನುಷ್ಯ ಎರಡು ದಿನ ಕೆರೆಯ ಅಂಚು ಹಿಡಿದು, ಕೆಸರಿನಲ್ಲಿ ಕೋಲಾಡಿಸುತ್ತ ನಡೆದ. ಹಕ್ಕಿಯ ಫೋಟೋ ತೆಗೆಯಲು ಬಂದವರು "ಏ ಅಜ್ಜಾ, ಆ ಕಡೆ ಸರಿ, ಹಕ್ಕಿ ಹಾರ್ತಾವ" ಎಂದು ಗದರಿದರೆ ಅತ್ತ ಸರಿದು ಮತ್ತೆ ಹುಡುಕಿದ. ಎರಡನೆಯ ದಿನ ಮಾಯಾ ಹೋಗಿ ಅವನನ್ನು ಬಸ್ಸಿನಲ್ಲಿ ಕರೆತಂದಳು. ಮೊಣಕಾಲಿನವರೆಗೆ ಕೆಸರು. ಬೆಟಗೇರಿ ಬಂದಾಗ ಒಂದೇ ಮಾತು ಆಡಿದ:

"ನನ್ನ ಹೊಲಿಗೀನ ಬಿಚ್ಚಿರಬೇಕವಾ."

ಅವತ್ತಿನಿಂದ ಅವನು ಉಳಿ ಮುಟ್ಟಲಿಲ್ಲ. ಕೂತಲ್ಲೇ ಕೂತು ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದ, ಕಳ್ಳತನ ಮಾಡಿ ಮನೆಗೆ ಬಂದ ಮಗನನ್ನು ನೋಡುವ ಹಾಗೆ. ಊರು ನಂಬಿದ್ದಕ್ಕಲ್ಲ, ಆ ಮಾತನ್ನು ಅಪ್ಪನೇ ನಂಬಿದನಲ್ಲ; ಅದಕ್ಕೆ ವೀರು ಬೆಲೆ ತೆರಬೇಕು ಎಂದು ಮಾಯಾ ಅಂದೇ ತೀರ್ಮಾನಿಸಿದ್ದಳು.

ಹೊಲಿಗೆ ಬಿಚ್ಚಿಲ್ಲವೆಂಬುದು ಅವಳಿಗೆ ಗೊತ್ತಿತ್ತು. ಆ ಎದೆಪಟ್ಟಿಯ ಅರ್ಧ ಕೆಲಸ ಅವಳದೇ. ಅದಕ್ಕೆ ಎರಡೂ ಬದಿಗೆ ಬಕಲ್ ಇದ್ದವು. ಬಲಗಡೆಯ ತೂತುಗಳು ಎರಡೆರಡು ಬೆರಳಿನ ಅಂತರಕ್ಕೆ. ಎಡಗಡೆ ತೊಗಲನ್ನು ಎರಡು ಪದರ ಮಾಡಿ ಒಂದೊಂದು ಬೆರಳಿಗೆ ತೂತು. ಕುದುರೆ ಮೈ ತುಂಬಿದರೆ ಬಲಗಡೆ ಸಡಿಲಿಸುವುದು, ಸ್ವಲ್ಪವೇ ಬಿಗಿಯಬೇಕಾದರೆ ಎಡಗಡೆ. ಬಕಲಿನ ಕಬ್ಬಿಣ ಪಟ್ಟಿಯನ್ನು ತಿನ್ನಬಾರದೆಂದು ಅದರ ಕೆಳಗೆ ಮೆತ್ತನೆಯ ತೊಗಲಿನ ಒಂದು ಹೊದಿಕೆ. ಅಪ್ಪ ಅದನ್ನು 'ಅಂಗಿ' ಅನ್ನುತ್ತಿದ್ದ. ಪಟ್ಟಿ ಸವೆಯುವ ಮೊದಲು ಅಂಗಿ ಸವೆಯಬೇಕು, ಅಂಗಿ ಹರಿದಾಗ ಬಂದು ಬೇರೆ ಹಾಕಿಸಿಕೊಳ್ಳಬೇಕು. ಇದು ಅವನ ಲೆಕ್ಕ.

ಯಾರೋ ಮೊಬೈಲಿನಲ್ಲಿ ಹಿಡಿದ ಓಟದ ವಿಡಿಯೋವನ್ನು ಮಾಯಾ ನೂರು ಸಲ ನೋಡಿದ್ದಳು. ಗಾಡಿ ಹೊರಡುವ ಮೊದಲಿನ ಒಂದು ಗಳಿಗೆಯಲ್ಲಿ ಚಿತ್ರ ನಿಲ್ಲಿಸಿದರೆ, ಬಲಗಡೆಯ ಬಕಲಿನಿಂದ ಹೊರಗೆ ಚಾಚಿದ ಪಟ್ಟಿಯ ತುದಿ ಇರಬೇಕಾದ್ದಕ್ಕಿಂತ ಒಂದು ಬೆರಳು ಉದ್ದವಿತ್ತು. ಅಲ್ಲಿ ಅಪ್ಪ ತೂತು ಹೊಡೆದಿರಲಿಲ್ಲ. ಅಂಗಿಯೂ ಕಾಣುತ್ತಿರಲಿಲ್ಲ. ಆದರೆ ಮಸುಕು ಚಿತ್ರದಲ್ಲಿ ಒಂದು ಬೆರಳಿನ ಉದ್ದವನ್ನು ಯಾರಿಗೆ ತೋರಿಸುವುದು? ಅಪ್ಪನಿಗೆ ತೋರಿಸಿದ್ದಳು. "ನನ್ನ ಸಮಾಧಾನಕ್ಕ ಹೇಳ್ತಿ," ಅಂದು ಅವನು ಮುಖ ತಿರುಗಿಸಿದ್ದ.

ಈ ವರ್ಷ ಓಟಕ್ಕೆ ಪರವಾನಗಿ ಕೊಡುವವರು ಒಂದು ಷರತ್ತು ಹಾಕಿದರು. ಪ್ರತಿ ಗಾಡಿಯ ಪಟ್ಟಿ, ಬಕಲ್‌ಗಳನ್ನು ಕೆಲಸ ಬಲ್ಲವರೊಬ್ಬರು ನೋಡಿ ಸಹಿ ಹಾಕಬೇಕು. ಸಹಿಯಿಲ್ಲದ ಗಾಡಿ ಓಡುವಂತಿಲ್ಲ. ಓಟದ ಕಮಿಟಿಯ ಹಿರಿಯ ಅಂದಾನಪ್ಪ ಎಲ್ಲೆಲ್ಲೋ ಹುಡುಕಿ, ಕೊನೆಗೆ ತಲೆ ತಗ್ಗಿಸಿಕೊಂಡು ಬೆಟಗೇರಿಗೇ ಬಂದ.

"ತಿರಕಪ್ಪಾ, ನೀ ಬರಬೇಕು ನೋಡಪಾ. ನಿನ್ನ ಬಿಟ್ರ ತಿಳದವ್ರು ಯಾರೂ ಉಳದಿಲ್ಲ."

"ತಿಳದಿದ್ರ ಆ ರಫೀಕನ ಕೈ ಯಾಕ ಮುರೀತಿತ್ರಿ," ಅಂದ ತಿರಕಪ್ಪ.

"ನಾ ಬರ್ತೀನ್ರಿ," ಅಂದಳು ಮಾಯಾ ಒಳಗಿನಿಂದ.

ಅಂದಾನಪ್ಪ ಹೋದ ಮೇಲೆ ಅವ್ವ ದುರಗವ್ವ ಒಲೆಯ ಮುಂದಿನಿಂದ ಎದ್ದು ಬಂದಳು. "ಏನ ಮಾಡಾಕ ಹೊಂಟಿ?"

"ಸಹಿ ಮಾಡಾಕ."

"ನಿನ್ನ ಮಾರಿ ನೋಡಿದ್ರ ಹಂಗ ಕಾಣಂಗಿಲ್ಲವಾ."

ಓಟದ ದಿನ ಬೆಳಿಗ್ಗೆ ಹದಿನಾಲ್ಕು ಗಾಡಿ ಸಾಲಾಗಿ ನಿಂತಿದ್ದವು. ಪೆಂಡಾಲಿನಲ್ಲಿ ಹುಚ್ಚೀರಪ್ಪ ಸಾಹುಕಾರರು ಶಾಲು ಹೊದ್ದು ಮುಂದಿನ ಕುರ್ಚಿಯಲ್ಲಿ. ಮೈಕು ಅಂದಾನಪ್ಪನ ಕೈಯಲ್ಲಿ. ಮಾಯಾ ಒಂದೊಂದೇ ಗಾಡಿ ನೋಡುತ್ತ ಬಂದಳು. ಪಟ್ಟಿಯನ್ನು ಬಕಲಿನಿಂದ ಬಿಡಿಸಿ, ಮಡಿಸಿ, ಬೆನ್ನು ಸವರಿ, ಬಕಲಿನ ಮುಳ್ಳು ಅಲ್ಲಾಡಿಸಿ. ಮೂರು ಗಾಡಿಗಳಿಗೆ ಅಲ್ಲೇ ಕೂತು ಹೊಸ ಅಂಗಿ ಹೊಲಿದು ಕೊಟ್ಟಳು. ಅವಳು ಅವಸರ ಮಾಡಲಿಲ್ಲ. ಹನ್ನೊಂದನೆಯದಾದ ಸಾಹುಕಾರರ ಗಾಡಿ ಎಲ್ಲಿ ನಿಂತಿದೆಯೆಂದು ಬಂದ ಕೂಡಲೇ ನೋಡಿಟ್ಟುಕೊಂಡಿದ್ದಳು.

ರಫೀಕನ ಕೈ ಸೊಟ್ಟಗೆ ಕೂಡಿಕೊಂಡಿದ್ದರಿಂದ ಈ ಸಲ ವೀರುವೇ ಗಾಡಿ ಏರಿದ್ದ. ರಫೀಕ ಎಡಗೈಯಲ್ಲಿ ಕುದುರೆಯ ಲಗಾಮು ಹಿಡಿದು ನೆಲ ನೋಡುತ್ತ ನಿಂತಿದ್ದ.

"ಬಾರವಾ, ಬಾ," ಅಂದ ವೀರು ಮೇಲಿನಿಂದಲೇ. "ಛಲೋತ್ನಾಗ ನೋಡು, ಕಲಿ. ಇದು ನೈಲಾನು. ನಿಮ್ಮಪ್ಪನ ಕೊಳತ ತೊಗಲಲ್ಲ." ಸುತ್ತಲಿದ್ದ ನಾಲ್ಕೈದು ಜನ ನಕ್ಕರು.

ಮಾಯಾ ಬಲಗಡೆಯ ಬಕಲ್ ಬಿಡಿಸಿದಳು. ನೈಲಾನ್ ಪಟ್ಟಿಗೆ ಅಂಗಿಯಿರಲಿಲ್ಲ. ಬಕಲ್ ಉಜ್ಜಿದ ಕಡೆ ಅಂಚಿನ ಎಳೆಗಳು ನರೆತ ಮೀಸೆಯಂತೆ ಎದ್ದಿದ್ದವು. ಹಿತ್ತಾಳೆಯ ಉಂಗುರ ಕೂರಿಸಿದ ತೂತುಗಳು ಅಳತೆಯ ಪ್ರಕಾರ ಇದ್ದವು. ಎರಡರ ನಡುವೆ ಇನ್ನೊಂದು ತೂತಿತ್ತು. ಕಾಯಿಸಿದ ಮೊಳೆಯಿಂದ ಚುಚ್ಚಿದ್ದು. ಸುತ್ತ ಕರಗಿ, ಕಪ್ಪಾಗಿ, ಗಾಜಿನಂತೆ ಗಟ್ಟಿಯಾಗಿತ್ತು. ಅದರ ಅಂಚಿನಿಂದ ಕೂದಲೆಳೆಯಷ್ಟು ಬಿರುಕು ಪಟ್ಟಿಯ ಅಡ್ಡಕ್ಕೆ ಹೊರಟಿತ್ತು.

ವೀರು ಮತ್ತೆ ಅದನ್ನೇ ಮಾಡಿದ್ದ. ಎದೆಪಟ್ಟಿ ಬಿಗಿದರೆ ಕುದುರೆ ಕತ್ತೆತ್ತಿ ನಿಲ್ಲುತ್ತದೆ, ನೋಡುವವರಿಗೆ ಚಂದ. ಆ ಒಂದು ಬೆರಳಿನ ಚಂದಕ್ಕೆ.

ಮೊದಲ ತಿರುವು ದಾಟುವುದರೊಳಗೆ ಇದು ಹರಿಯುತ್ತದೆ. ಅವನು ಮೇಲಿನಿಂದ ಬೀಳುತ್ತಾನೆ, ಅವನದೇ ಅಂಗಡಿಯ ಪಟ್ಟಿ ಹರಿದು, ನಾಲ್ಕೂರಿನ ಜನರ ಎದುರಿಗೆ. ಅವಳು ಮಾಡಬೇಕಾದ್ದು ಏನೂ ಇಲ್ಲ. ಬಕಲ್ ಮೊದಲಿನಂತೆ ಹಾಕಿ ಒಂದು ಸಹಿ ಗೀಚಿದರೆ ಸಾಕು. ವರ್ಷವಿಡೀ ಅವಳು ದೇವರಲ್ಲಿ ಇದಕ್ಕಿಂತ ಹೆಚ್ಚಿಗೆ ಏನನ್ನೂ ಕೇಳಿರಲಿಲ್ಲ. ಬಕಲ್ ಹಾಕಿದಳು. ಹಾಳೆಯ ಮೇಲೆ ಹನ್ನೊಂದನೆಯ ಸಾಲಿಗೆ ಪೆನ್ನು ಊರಿ 'ಮಾ' ಅಂತ ಬರೆದಳು.

ಅಲ್ಲಿ ಕೈ ನಿಂತಿತು. ಕರುಣೆಯಿಂದಲ್ಲ. ಇವನು ಬಿದ್ದರೆ, ಬಿದ್ದಲ್ಲಿಂದಲೇ ಏನೆಂದು ಕೂಗುತ್ತಾನೆಂಬುದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು: ತಿರಕಪ್ಪನ ಮಗಳು ನೋಡಿ ಸಹಿ ಮಾಡಿದ ಪಟ್ಟಿ! ಅಪ್ಪ ಮತ್ತೆ ಯಾವ ಕೆರೆಗೆ ಹೋಗಿ ಹುಡುಕುತ್ತಾನೆ?

ಅವಳು 'ಮಾ' ಅನ್ನು ಹೊಡೆದುಹಾಕಿದಳು. ಪಟ್ಟಿಯನ್ನು ಪೂರ್ತಿ ಬಿಡಿಸಿ ಕೈಯಲ್ಲಿ ಹಿಡಿದು, ನೇರ ಪೆಂಡಾಲಿನ ಮುಂದೆ ನಿಂತಳು.

"ಅಂದಾನಪ್ಪಜ್ಜಾರ, ಇದಕ್ಕ ನಾ ಸಹಿ ಮಾಡಂಗಿಲ್ರಿ. ಯಾಕ ಅಂತ ಎಲ್ಲಾರೂ ನೋಡ್ಲಿ."

"ಹೊಟ್ಟಿಕಿಚ್ಚು!" ಅಂತ ವೀರು ಗಾಡಿಯಿಂದ ಜಿಗಿದು ಬಂದ. "ಅಪ್ಪಗ ಗಿರಾಕಿ ಇಲ್ಲ, ಅದಕ್ಕ ಸೇಡ ತೀರ್ಸಾಕ ಬಂದಾಳ."

"ಹೌದು, ಸೇಡಿಗೇ ಬಂದೀನಿ," ಅಂದಳು ಮಾಯಾ. ಮೈಕು ಹತ್ತಿರವಿತ್ತು. "ಅಂಗಡಿಯವ್ರು ಹೊಡದ ತೂತು ಇವು. ಈ ನಡುವಿಂದು ಮೊಳಿ ಕಾಸಿ ಚುಚ್ಚಿದ್ದು. ಬಿರುಕು ನೋಡ್ರಿ. ರಫೀಕ ಚಾಚಾ, ಇದನ್ನ ಯಾರ ಚುಚ್ಚಿದ್ರು?"

ವೀರು ರಫೀಕನ ಕಡೆ ಬೆರಳು ತೋರಿಸಿದ: "ಬಾಯಿ ಬಿಟ್ಟಿ ಅಂದ್ರ ನೋಡ ಮಗನ!"

ಆ ಬೆರಳು ತೋರಿಸಿದ್ದೇ ತಪ್ಪಾಯಿತು. ರಫೀಕ ಸೊಟ್ಟಗಾದ ತನ್ನ ಕೈಯನ್ನು ಒಮ್ಮೆ ನೋಡಿಕೊಂಡ. ಆಮೇಲೆ ಪೆಂಡಾಲಿನ ಕಡೆ ತಿರುಗಿದ.

"ಸಾವ್ಕಾರ್ರ, ಹೋದ ವರ್ಷನೂ ಇದ ಆತ್ರಿ. ಸಣ್ಣ ಧಣ್ಯಾರು ಅಂಗಿ ಕೊಯ್ದು ತಗದು ಮೊಳಿ ಹೊಡದ್ರು. ಬ್ಯಾಡ ಅಂದೆ. ಕೇಳಲಿಲ್ಲ. ಪಟ್ಟಿ ಕೆರಿಗೆ ಒಗದು ಬಾ ಅಂತ ನನಗ ಕೊಟ್ರು. ನಾ ಒಗದಿಲ್ಲ. ನನ್ನ ಟ್ರಂಕಿನ್ಯಾಗ ಐತಿ. ನನ್ನ ಕೈ ತಿಂದದ್ದು ಅದು, ಹೆಂಗ ಒಗೀಲ್ರಿ?"

ಗಲಾಟೆಯೆದ್ದಿತು. ಹುಚ್ಚೀರಪ್ಪ ನಿಧಾನವಾಗಿ ಎದ್ದರು. ಮಗನನ್ನಲ್ಲ, ಸುತ್ತಲಿನ ಮೊಬೈಲುಗಳನ್ನು ನೋಡಿದರು. "ಖರೆ ಏನಲೇ?"

"ಅಪ್ಪಾ, ಎಲ್ಲಾ ಗಾಡಿ ನಿಂತಾವ, ಆಮ್ಯಾಲ..."

"ಖರೆ ಏನು ಅಂದೆ! ಮೈಕ ಹಿಡದು ಹೇಳು. ಜಲ್ದಿ ಮುಗಸು, ನನ್ನ ಮಾನ ಇನ್ನ ಕಳೀಬ್ಯಾಡ."

ವೀರು ಮೈಕು ತೆಗೆದುಕೊಂಡ. "ಹೋದ ವರ್ಷ... ತೂತು ನಾ ಹೊಡದಿದ್ದೆ. ಪಟ್ಟಿ ಅಲ್ಲೇ ಹರೀತು," ಅಂದ.

"ಹೊಲಿಗಿ?" ಅಂದಳು ಮಾಯಾ.

"ಹೊಲಿಗಿ ಬಿಚ್ಚಿದ್ದಿಲ್ಲ."

"ಯಾರ ಹೊಲಿಗಿ?"

ಅವನು ಹಲ್ಲು ಕಚ್ಚಿದ. "ತಿರಕಪ್ಪಂದು."

"ಒಂದ ಬೆರಳ ಬಿಗಿ ಬೇಕಾಗಿದ್ರ ಎಡಗಡೆ ಬಕಲ್ ಇತ್ತು," ಅಂದಳು ಅವಳು, ಎಲ್ಲರಿಗೂ ಕೇಳುವಂತೆ. "ಅದಕ್ಕಂತನ ನಮ್ಮಪ್ಪ ಇಟ್ಟಿದ್ದ. ಕೇಳಿದ್ರ ಹೇಳ್ತಿದ್ದ. ಕೇಳೂದು ನಿಮಗ ಸಣ್ಣ ಮಾತಾತು."

ಎಲ್ಲೋ ಹಿಂದಿನಿಂದ ಯಾರೋ ಸೀಟಿ ಹೊಡೆದರು. ಈ ಸಲದ ನಗು ವೀರುವಿನ ಮೇಲೆ ಬಿತ್ತು. ಅವನು ಮೈಕು ಇಟ್ಟು ಅವಳ ಮುಂದೆ ಹಾಳೆ ಚಾಚಿದ. "ಆತಲ್ಲ? ಹಾಕು ಸಹಿ."

ಮಾಯಾ ಅವನ ಮುಖವನ್ನು ಚೆನ್ನಾಗಿ ನೋಡಿದಳು. "ಹರಕ ಪಟ್ಟಿಗೆ? ಸಹಿ ಹಾಕ್ತೀನಿ ಅಂತ ಯಾವಾಗ ಹೇಳಿದೆ ನಿಮಗ? ಕುದರಿ ಬಿಚ್ರಿ."

ಹದಿಮೂರು ಗಾಡಿ ಓಡಿದವು. ಹನ್ನೊಂದನೆಯದು ಕುದುರೆಯಿಲ್ಲದೆ, ಬದುವಿನ ಮೇಲೆ ಮೂಕಿಮರ ಇಳಿಸಿಕೊಂಡು ನಿಂತಿತ್ತು.

ಅವಳು ಮನೆ ಮುಟ್ಟುವ ಮೊದಲೇ ವಿಡಿಯೋ ಬೆಟಗೇರಿ ಮುಟ್ಟಿತ್ತು. ದುರಗವ್ವ ಬಾಗಿಲಲ್ಲೇ ನಿಂತು ಅತ್ತು ಮೂಗೊರೆಸಿಕೊಂಡಳು. ತಿರಕಪ್ಪ ಮಾತ್ರ ಕೂತಲ್ಲಿಂದ ಅಲುಗಲಿಲ್ಲ. "ಹತ್ತ ಮಂದಿ ನಿಂತು ಬಾಯಿ ಬಿಡಿಸಿದ್ರ ಯಾರರ ಏನರ ಹೇಳ್ತಾರ," ಅಂದ. "ಅಂವಗ ಏನ ತಿಳೀತೈತಿ, ಹೊಲಿಗಿ ಬಿಚ್ಚಿತ್ತೋ ಇಲ್ಲೋ ಅಂತ?"

ಮಾಯಾ ಚಪ್ಪಲಿಯನ್ನೂ ಬಿಡದೆ ಹೊಸ್ತಿಲ ಮೇಲೆ ಕೂತುಬಿಟ್ಟಳು.

ಮರುದಿನ ಬಿಸಿಲೇರುವ ಹೊತ್ತಿಗೆ ರಫೀಕ ಸಿಮೆಂಟಿನ ಚೀಲವೊಂದನ್ನು ಕಂಕುಳಲ್ಲಿಟ್ಟುಕೊಂಡು ಬಂದ. ಅದರಿಂದ ಪಟ್ಟಿ ಹೊರತೆಗೆದು ತಿರಕಪ್ಪನ ಮುಂದಿಟ್ಟು, "ಮಾಫ್ ಮಾಡು ತಿರಕಣ್ಣಾ. ನೌಕರಿ ಹೋದೀತು ಅಂತ ಸುಮ್ಮಿದ್ದೆ. ನಿನ್ನೆ ಹೆಂಗೂ ಹೋತು," ಅಂದ.

ತಿರಕಪ್ಪ ಪಟ್ಟಿಯನ್ನು ಎತ್ತಿಕೊಂಡು ಬಾಗಿಲ ಬೆಳಕಿಗೆ ಹೋದ. ಹೆಬ್ಬೆರಳಿನಿಂದ ಹೊಲಿಗೆಯ ಸಾಲು ಹಿಡಿದು ಒಂದು ತುದಿಯಿಂದ ಹೊರಟ. ತಪ್ಪು ಸಿಗುತ್ತದೆಂದು ಹುಡುಕುವವನ ಹಾಗೆ ನಡುನಡುವೆ ನಿಂತು ಉಗುರು ಹಾಕಿ ಕೆದಕಿದ. ಒಂದೂ ಗಂಟು ಸಡಿಲಿರಲಿಲ್ಲ. ಅಂಗಿ ಇದ್ದ ಜಾಗದಲ್ಲಿ ಚಾಕುವಿನ ನೇರ ಗೆರೆ. ಎರಡು ದುಂಡು ತೂತುಗಳ ನಡುವೆ ಮೊಳೆಯ ತೂತು; ಪಟ್ಟಿ ಅಲ್ಲಿಂದ ಎರಡೂ ಕಡೆಗೆ ಸಿಗಿದಿತ್ತು. ಅವನು ಅಲ್ಲಿಗೆ ಬಂದು ಹೆಬ್ಬೆರಳು ಒತ್ತಿ ಹಿಡಿದ. ಬಹಳ ಹೊತ್ತು ಹಿಡಿದೇ ಇದ್ದ.

"ತಿರಕಣ್ಣಾ, ಏನರ ಅನ್ನು," ಅಂದ ರಫೀಕ.

"ನೀ ಕುಂಡ್ರು. ಚಾ ಕುಡಿ. ಮಾಫಿ ಮಾತು ಆಮ್ಯಾಲ ನೋಡೂಣು." ಆಮೇಲೆ ಅವನು ಮಗಳ ಕಡೆ ತಿರುಗಿದ. ಆ ಕಣ್ಣುಗಳನ್ನು ಮಾಯಾ ಒಂದು ವರ್ಷದಿಂದ ನೋಡಿರಲಿಲ್ಲ; ಅಲ್ಲಿ ಸಮಾಧಾನವಿರಲಿಲ್ಲ, ಅವಳ ಎದೆಯಲ್ಲಿ ಇದ್ದ ಸಿಟ್ಟೇ ಅಲ್ಲಿತ್ತು. "ಅಂವ ಹೇಳಿದ್ದು ಒಂದ ಊರಾಗ. ನನ್ನ ಹೆಸರ ಕೆಡಿಸಿದ್ದು ನಾಕ ಊರಾಗ."

"ಯಪ್ಪಾ, ಎಲ್ಲಾರೂ ಫೋನಿನ್ಯಾಗ ನೋಡ್ಯಾರ."

"ಫೋನಿನ್ಯಾಗ ನೋಡಿದ್ದು ಬ್ಯಾರೆ. ಕೈಯಾಗ ಹಿಡದು ನೋಡ್ಲಿ. ಅವ್ವಗ ಹೇಳು, ನನ್ನ ಒಗದ ಅಂಗಿ ತರಲಿ. ಲಕ್ಷ್ಮೇಶ್ವರದ ಬಸ್ಸು ಎಷ್ಟಕ್ಕೈತಿ?"

"ಹತ್ತೂವರಿಗೆ."

"ಮೊದಲ ಅವನ ಅಂಗಡಿಗೇ ಹೋಗೂಣು. ಗಿರಾಕಿ ಇರೂ ಹೊತ್ತಿಗೆ."

ಪಟ್ಟಿಯನ್ನು ಚೀಲಕ್ಕೆ ಹಾಕಲೆಂದು ಮಾಯಾ ಕೈ ಚಾಚಿದಳು. ಅವನು ಕೊಡಲಿಲ್ಲ. ಹರಿದ ತುದಿ ಮುಂದೆ ಕಾಣುವಂತೆ ಹೆಗಲ ಮೇಲೆ ಹಾಕಿಕೊಂಡು, ಓಣಿಯ ನಟ್ಟನಡುವೆ ನಡೆಯತೊಡಗಿದ.