ಹೆಬ್ಬೆರಳಿನ ವಿಭೂತಿ

"ಎತ್ತಬ್ಯಾಡ್ರಿ, ಎತ್ತಬ್ಯಾಡ್ರಿ!" ಎನ್ನುತ್ತ ನೀತಾ ಓಡಿಬರುವಷ್ಟರಲ್ಲಿ ಅವಳ ಗಂಡ ರೋಹಿತ ನಾಯಿಯ ಹೊಟ್ಟೆಯ ಕೆಳಗೆ ಕೈ ಹಾಕಿಬಿಟ್ಟಿದ್ದ. ಮುದಿ ಖಂಡ್ಯಾ ಕುಂಯ್ಯೆಂದು ಚೀರಿ ಅವನ ಮುಂಗೈಗೇ ಬಾಯಿ ಹಾಕಿತು.

"ಅಪ್ಪನ್ನ ಹೊರಗ ಒಯ್ಯೋದು ಹ್ಯಾಂಗ? ಬಾಗಲ ತುಂಬ ಇದೇ ಬಿದ್ದದ!" ರೋಹಿತನ ದನಿ ಒಡೆಯಿತು.

ಧನಕವಡಿಯ ಆ ಎರಡು ಖೋಲಿಯ ಮನೆಗೆ ಇದ್ದದ್ದು ಒಂದೇ ಬಾಗಿಲು. ಒಳಗೆ ಗೋಡೆಗೆ ಒರಗಿಸಿ ಕೂಡಿಸಿದ್ದ, ತೀರಿಕೊಂಡ ಅಪ್ಪ ಮಲಕಪ್ಪನ ಮೈಗೆಲ್ಲ ಅಯ್ಯನವರು ವಿಭೂತಿ ಹಚ್ಚುತ್ತಿದ್ದರು. ಹೊರಗೆ ಗಾಡಿಯವನು ಹಾರ್ನ್ ಹೊಡೆಯುತ್ತಿದ್ದ.

"ದಾಟಿಕೊಂಡು ಹೋದ್ರಾತು," ಎಂದ ಪಕ್ಕದ ಮನೆಯ ಶಿವಪ್ರಕಾಶ.

"ಹೆಣ ಹೊತಗೊಂಡು ನಾಯಿ ದಾಟತೀಯೇನು? ಬುದ್ಧಿ ಮನ್ಯಾಗ ಇಟ್ಟು ಬಂದೀ?" ಮಲಕಪ್ಪನ ಅಕ್ಕ ಸಾವಂತ್ರವ್ವ ಗದರಿದಳು. "ನೀತಾ, ದಿನಾ ಮಲಕಪ್ಪ ಕಾಲು ಒತ್ತಿದ ಮ್ಯಾಲೇ ಏಳತಿತ್ತಲ್ಲ ಇದು. ನೀನರ ಒತ್ತವಾ."

ನೀತಾ ಬೆರಳಿಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಕೂತಳು. ಹಿಂಗಾಲಿನ ಹಿಮ್ಮಡಿಯ ಮೇಲೆ, ಎಲುಬಿಗೂ ನರಕ್ಕೂ ನಡುವಿನ ತಗ್ಗು. ಜಾಗ ಗೊತ್ತಿತ್ತು. ಆದರೆ ಬೆರಳು ತಾಗಿದ್ದೇ ತಡ, ಖಂಡ್ಯಾ ಕಾಲನ್ನು ಹೊಟ್ಟೆಯೊಳಕ್ಕೆ ಎಳೆದುಕೊಂಡಿತು. ಮತ್ತೆ ಹಿಡಿದಳು. ಗುರ್ರೆಂದಿತು.

*

ಮಾರ್ಕೆಟ್ ಯಾರ್ಡಿನ ಬೆಲ್ಲದ ಅಂಗಡಿಯಲ್ಲಿ ಗುಮಾಸ್ತನಾಗಿ ಸವೆದ ಮಲಕಪ್ಪ, ತನ್ನ ಮಂಡಿನೋವಿಗೆಂದು ತಳಜಾಯಿ ಗುಡ್ಡದ ಆಕ್ಯುಪ್ರೆಶರ್ ಶಿಬಿರಕ್ಕೆ ಹೋಗಿ, ಕಲಿತದ್ದನ್ನೆಲ್ಲ ಖಂಡ್ಯಾನ ಮೇಲೆ ಪ್ರಯೋಗಿಸಿದ್ದ.

"ನನ್ನ ಮಂಡಿ ನನ್ನ ಮಾತು ಕೇಳವಲ್ಲದು, ಇವಂದು ಕೇಳತದ ನೋಡು!" ಎಂದು ನಗುತ್ತಿದ್ದ.

ಬೆಳಿಗ್ಗೆ ಪೂಜೆ ಮುಗಿಸಿದವನೇ ವಿಭೂತಿಯ ಕೈಯಲ್ಲೇ ನೇರ ನಾಯಿಯ ಹತ್ತಿರ ಬಂದು ಕೂಡುತ್ತಿದ್ದ. ಒತ್ತುವುದು, ಉಸಿರು ಬಿಡುವುದು, ಸಡಿಲಿಸುವುದು. ಮತ್ತೆ ಒತ್ತುವುದು.

"ಕೈಯರ ತೊಳಕೊಂಡು ಒತ್ರಿ ಮಾವಾರ, ಅದರ ಕಾಲೆಲ್ಲ ಬೆಳ್ಳಗಾಗ್ಯಾವ," ಎನ್ನುತ್ತಿದ್ದಳು ನೀತಾ.

"ಇರಲಿ ಬಿಡವಾ. ಅವಂದೂ ಪೂಜಿ ಆಗಲಿ."

*

ಹಾರ್ನ್ ಮತ್ತೆ ಕೂಗಿತು. ನೀತಾ ತಟ್ಟನೆ ಎದ್ದು, ಎಣ್ಣೆಯ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಒಳಗೆ ಹೋದಳು. ಮಾವನ ವಿಭೂತಿ ಮೆತ್ತಿದ ತಣ್ಣನೆಯ ಹೆಬ್ಬೆರಳಿಗೆ ತನ್ನ ಹೆಬ್ಬೆರಳು ಉಜ್ಜಿದಳು.

"ಏನ ಮಾಡ್ಲಿಕತ್ತೀಯವಾ?" ಅಯ್ಯನವರು ಬೆರಗಾದರು.

ಅವಳು ಬಾಗಿಲಿಗೆ ಬಂದು ಬೆರಳನ್ನು ಖಂಡ್ಯಾನ ಮೂಗಿನ ಹತ್ತಿರ ಹಿಡಿದಳು. ಅದು ಮೂಸಿತು. ಇನ್ನೊಮ್ಮೆ ಮೂಸಿತು. ಆಮೇಲೆ ಮೆಲ್ಲಗೆ, ತಾನಾಗಿಯೇ, ಎಡಗಾಲನ್ನು ಚಾಚಿತು.

ಒತ್ತಿದಳು. ಉಸಿರು ಬಿಟ್ಟಳು. ಸಡಿಲಿಸಿದಳು. ಆ ಕಾಲು, ಈ ಕಾಲು. ಖಂಡ್ಯಾ ತಡವರಿಸುತ್ತ ಎದ್ದು, ಬಾಗಿಲ ಮಗ್ಗುಲಿಗೆ ಸರಿದು, ಬಾಲ ಅಲ್ಲಾಡಿಸಿ, ಒಳಗೆ ಇಣುಕಿತು.

"ಚಲಾ, ಉಚಲಾ!" ಎತ್ತಿರೆಂದು ಯಾರೋ ಮರಾಠಿಯಲ್ಲಿ ಕೂಗಿದರು. ನಾಯಿ ಎದ್ದದ್ದೇ ಸಾಕಾಗಿತ್ತು ಹೊರುವವರಿಗೆ. ಮಲಕಪ್ಪನನ್ನು ಹೊತ್ತ ಕಾಲುಗಳು ಖಂಡ್ಯಾನ ಪಕ್ಕದಿಂದಲೇ ಗಡಿಬಿಡಿಯಲ್ಲಿ ಹಾದುಹೋದವು. ಗಾಡಿ ತಿರುವು ದಾಟಿತು.

ಖಂಡ್ಯಾ ಮೆಟ್ಟಿಲ ಮೇಲೆ ನಿಂತು ರಸ್ತೆ ನೋಡುತ್ತಿತ್ತು. ಹಿಂಗಾಲುಗಳು ಥರಥರ ನಡುಗುತ್ತಿದ್ದವು.

"ಕೂಡೋ," ಎಂದಳು ನೀತಾ. "ಕೂಡೋ ಖಂಡ್ಯಾ, ನಾ ಏಳಸ್ತೀನಿ."

ಅದು ಕೂಡಲಿಲ್ಲ. ಕಂದು ಕೂದಲಿನ ಮೇಲೆ ಮೂಡಿದ್ದ ಬಿಳಿ ಹೆಬ್ಬೆರಳಿನ ಗುರುತೂ ಕಾಲಿನ ಜೊತೆಗೇ ನಡುಗುತ್ತಿತ್ತು.