ಎರಡು ಸಲ ಕಟ್ ಮಾಡಿದ ಫೋನು

ಪರದೇಶಕ್ಕೆ ಹೊರಟವನಿಗೆ ಬುದ್ಧಿ ಹೇಳಲು ಊರೆಲ್ಲ ತುದಿಗಾಲಲ್ಲಿ ನಿಂತಿರುತ್ತದೆ. ಯಂತ್ರ ಜೋಡಿಸುವ ಫಿಟ್ಟರ್ ನಾಲ್ಕು ದಿನದ ಮಟ್ಟಿಗೆ ಹೊರದೇಶಕ್ಕೆ ಹೋಗುತ್ತಾನೆಂಬ ಸುದ್ದಿ ಕಾರ್ಖಾನೆಯಲ್ಲಿ ಹಬ್ಬಿದ್ದೇ ತಡ, ವಿಮಾನವನ್ನು ಬರೀ ಆಕಾಶದಲ್ಲಿ ನೋಡಿದವರೂ ಅವನ ತಲೆ ತಿನ್ನತೊಡಗಿದರು. "ನಿನ್ನ ಸಿಮ್ ತೆಗೆದು ಪರ್ಸಲ್ಲಿ ಇಟ್ಕೋ, ಇಳಿದ ತಕ್ಷಣ ಅಲ್ಲಿಂದೇ ಒಂದು ಸಿಮ್ ಹಾಕ್ಕೋ" ಎಂದ ಸ್ಟೋರಿನವನು. "ಇಲ್ಲಿನ ಸಿಮ್ ಅಲ್ಲಿ ಆನ್ ಮಾಡಿದ್ರೆ ಮನೆ ಮಾರ್ಬೇಕಾಗುತ್ತೆ" ಎಂದ ಲೇತಿನವನು. ಫಿಟ್ಟರ್ ಎಲ್ಲರಿಗೂ ಹೂಂ ಹೂಂ ಅಂದ. ಆಮೇಲೆ ನೆಟ್ಟಗೆ ಮೊಬೈಲ್ ಅಂಗಡಿಗೆ ಹೋಗಿ ತನ್ನ ಹಳೆಯ ನಂಬರಿಗೇ ರೋಮಿಂಗ್ ಹಾಕಿಸಿಕೊಂಡ. ಅಲ್ಲಿ ಫೋನ್ ಬರುತ್ತದೆ ತಾನೇ, ಬಂದೇ ಬರುತ್ತದೆ ತಾನೇ ಎಂದು ಕೇಳಿ ಕೇಳಿ ಅಂಗಡಿಯವನಿಗೆ ಸಾಕುಸಾಕು ಮಾಡಿದ.

ಅವನ ಭಯಕ್ಕೆ ಕಾರಣವಿತ್ತು. ಹೆಂಡತಿಯ ಎರಡೂ ಕಿಡ್ನಿ ಕೈಕೊಟ್ಟು ನಾಲ್ಕು ವರ್ಷವಾಗಿತ್ತು. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಏಳರಿಂದ ಹನ್ನೊಂದರವರೆಗೆ ಅವಳು ಡಯಾಲಿಸಿಸ್ ಕೇಂದ್ರದಲ್ಲಿ ಯಂತ್ರಕ್ಕೆ ತೋಳು ಕೊಟ್ಟು ಮಲಗುತ್ತಿದ್ದಳು. ಫಿಟ್ಟರನ ಕಿಡ್ನಿ ಅವಳಿಗೆ ಹೊಂದಲಿಲ್ಲ. ಅವಳ ತಮ್ಮನಿಗೆ ಸಕ್ಕರೆ ಕಾಯಿಲೆ. ಉಳಿದದ್ದು ದೊಡ್ಡಾಸ್ಪತ್ರೆಯ ಪಟ್ಟಿ. ತೀರಿಕೊಂಡವರ ಮನೆಯವರು ದಾನ ಕೊಟ್ಟ ಕಿಡ್ನಿ ಬಂದಾಗ, ಪಟ್ಟಿಯಲ್ಲಿ ಮೇಲಿರುವವರಿಗೆ ಫೋನ್ ಹೋಗುತ್ತದೆ. ಫೋನ್ ಎತ್ತಿ ಬರುತ್ತೇವೆ ಅನ್ನಬೇಕು. ಅನ್ನದಿದ್ದರೆ ಅದು ಮುಂದಿನ ಹೆಸರಿಗೆ ಹೋಗುತ್ತದೆ, ಯಾರಿಗೂ ಕಾಯುವುದಿಲ್ಲ. ಆ ಪಟ್ಟಿ ನೋಡಿಕೊಳ್ಳುವ ಹೆಂಗಸಿಗೆ ಫಿಟ್ಟರ್ ಪಟ್ಟಿಯಮ್ಮ ಎಂದು ಹೆಸರಿಟ್ಟಿದ್ದ. ಹೋದ ತಿಂಗಳು ಪಟ್ಟಿಯಮ್ಮ, "ನಿಮ್ಮವರ ರಕ್ತದ ಗುಂಪಿನಲ್ಲಿ ಈಗ ನಿಮ್ಮವರದ್ದೇ ಮೊದಲ್ನೇ ಹೆಸರು" ಎಂದಿದ್ದಳು. ಅದೇ ವಾರ ಹೃದಯದ ಡಾಕ್ಟರು, "ಎದೆ ಸೋಲ್ತಾ ಇದೆ. ಐದಾರು ತಿಂಗಳೊಳಗೆ ಆದ್ರೆ ಆಯ್ತು. ಆಮೇಲೆ ಕಿಡ್ನಿ ಸಿಕ್ಕಿದ್ರೂ ಆಪರೇಶನ್ ತಡ್ಕೊಳ್ಳಲ್ಲ" ಎಂದಿದ್ದರು.

ಅರ್ಜಿಯಲ್ಲಿ ಎರಡು ಫೋನ್ ನಂಬರಿಗೆ ಜಾಗವಿತ್ತು. ಫಿಟ್ಟರ್ ಎರಡರಲ್ಲೂ ತನ್ನದನ್ನೇ ಬರೆದಿದ್ದ. ಗೊತ್ತಿಲ್ಲದ ನಂಬರನ್ನು ಹೆಂಡತಿ ಎತ್ತುವುದಿಲ್ಲ ಎನ್ನುವುದು ಬಾಯಿಮಾತಿನ ಕಾರಣ. ಒಳಗಿನದು ಬೇರೆ. ಆ ಸುದ್ದಿಯನ್ನು ಅವಳಿಗೆ ತಾನೇ ಹೇಳಬೇಕು, ಹೇಳುವಾಗ ಅವಳ ಮುಖ ನೋಡಬೇಕು ಎಂಬ ಆಸೆ ಅವನಿಗೆ. ಹೇಳುವ ಮಾತನ್ನೂ ಬಾಯಿಪಾಠ ಮಾಡಿಟ್ಟಿದ್ದ, ಹುಚ್ಚಪ್ಪ.

ಹೋಗುವುದಿಲ್ಲ ಎನ್ನುವ ಹಾಗಿರಲಿಲ್ಲ. ರಿಪೇರಿಗೆ ಕರೆ ಬಂದದ್ದು ಸಾಬೂನಿಗೆ ಕಾಗದ ಸುತ್ತುವ ಯಂತ್ರಕ್ಕೆ. ಅವನೇ ಒಂದೊಂದು ಬೋಲ್ಟು ಬಿಗಿದು ಕಟ್ಟಿದ್ದು, ಹಡಗಿನಲ್ಲಿ ಹೋಗಿ ಅಲ್ಲಿ ಮೊಂಡು ಹಿಡಿದು ಕೂತಿತ್ತು. ಹೆಂಡತಿಯ ಸಲುವಾಗಿ ಕೇಳಿದಾಗಲೆಲ್ಲ ರಜೆ ಕೊಟ್ಟ ಮಾಲೀಕ, ಈಗ ಅವನ ಹೆಗಲ ಮೇಲೆ ಕೈಯಿಟ್ಟು, "ನೀನಲ್ದೆ ಇನ್ಯಾರಪ್ಪ?" ಎಂದ. ಫಿಟ್ಟರ್ ಪಟ್ಟಿಯಮ್ಮನ ಬಳಿ ಹೋಗಿ ಕೇಳಿದ. "ರೋಗಿ ಇಲ್ಲೇ ಇರ್ತಾರಲ್ಲ, ನಿಮ್ಮ ಫೋನ್ ಆನ್ ಇದ್ರೆ ಸಾಕು" ಎಂದಳು. ಕರೆದುಕೊಂಡು ಹೋಗಲು ಭಾವಮೈದುನ ಕಾರಿಟ್ಟುಕೊಂಡು ಸಿದ್ಧನಿದ್ದ.

"ಹೋಗಿ ಬನ್ನಿ ರೀ" ಎಂದು ಹೆಂಡತಿಯೂ ನಕ್ಕಳು. "ನಾಲ್ಕು ವರ್ಷ ಬರ್ದೇ ಇದ್ದದ್ದು ನೀವು ವಿಮಾನ ಹತ್ತಿದ ಕೂಡ್ಲೇ ಬಂದುಬಿಡುತ್ತಾ? ಬಂದ್ರೆ ಬರ್ಲಿ, ಬರ್ದಿದ್ರೆ ಬಿಡ್ಲಿ." ಅವಳು ಯಾವತ್ತೂ ಹಾಗೇ. ಕಿಡ್ನಿಯ ಮಾತು ಬಂದರೆ ತಪ್ಪಿಹೋದ ಬಸ್ಸಿನ ಮಾತಾಡಿದ ಹಾಗೆ ಆಡುವಳು. ಇವಳಿಗೆ ಇದರ ಮೇಲೆ ಆಸೆಯೇ ಇಲ್ಲವೇನೋ ಎಂದು ಫಿಟ್ಟರನಿಗೆ ಒಮ್ಮೊಮ್ಮೆ ಸಿಟ್ಟೂ ಬರುತ್ತಿತ್ತು.

ಗಂಡ ಹೆಂಡಿರ ನಡುವೆ ಇನ್ನೊಂದು ಪದ್ಧತಿಯಿತ್ತು. ಡಯಾಲಿಸಿಸ್ ಮುಗಿಸಿ ಎದ್ದಾಗ ಅವಳಿಗೆ ಮಾತಾಡಲೂ ತ್ರಾಣವಿರುತ್ತಿರಲಿಲ್ಲ. ಅದಕ್ಕೇ ಬರೀ ಒಂದು ಮಿಸ್ಡ್ ಕಾಲ್. ಒಂದು ಸಲ ಬಂದರೆ ಮುಗಿಯಿತು, ಮನೆಗೆ ಹೊರಟೆ ಎಂದರ್ಥ. ಬಿಟ್ಟು ಇನ್ನೊಂದು ಸಲ ಬಂದರೆ ಇವತ್ತು ಆರಾಮಾಗಿದ್ದೇನೆ ಎಂದರ್ಥ. ಅವನು ಎತ್ತದೆ ಕಟ್ ಮಾಡಬೇಕು. ಅದು ಗೊತ್ತಾಯಿತು ಎನ್ನುವುದಕ್ಕೆ ಅವನ ಉತ್ತರ. ಯಂತ್ರದ ಹೊಟ್ಟೆಯಲ್ಲಿ ಕೈಯಿದ್ದರೂ ಎಡಗೈ ಹೆಬ್ಬೆರಳು ತಾನಾಗಿ ಜೇಬಿಗೆ ಹೋಗಿ ಆ ಕೆಲಸ ಮುಗಿಸುತ್ತಿತ್ತು.

ಸೋಮವಾರ ವಿಮಾನದಿಂದಿಳಿದ ಮೇಲೆ ಫೋನಿನಲ್ಲಿ ಸಿಗ್ನಲ್ ಬರುವಷ್ಟರಲ್ಲಿ ಫಿಟ್ಟರನ ಜೀವ ಬಾಯಿಗೆ ಬಂತು. ಅದನ್ನು ಆರಿಸಿದ, ಹಚ್ಚಿದ, ಕಿಟಕಿಗೆ ಹಿಡಿದ. ಕೊನೆಗೆ ಯಾವುದೋ ಕಂಪನಿಯ ಹೆಸರು ಮೂಡಿತು. ಕೈಗಡಿಯಾರವನ್ನು ಅವನು ಮನೆಯ ಹೊತ್ತಿಗೇ ಬಿಟ್ಟಿದ್ದ. ಅದರಲ್ಲಿ ಹನ್ನೊಂದೂ ಹತ್ತಾಗಿದ್ದಾಗ ಫೋನ್ ಬಡಿದುಕೊಂಡಿತು. ಪರದೆಯ ಮೇಲೆ ಹೆಸರಿಲ್ಲ, ನಂಬರಿಲ್ಲ. ಅಪರಿಚಿತ ಕರೆ ಎಂದಷ್ಟೇ ಇತ್ತು. ಪಟ್ಟಿಯಮ್ಮನೇ ಎಂದುಕೊಂಡು ತಟ್ಟನೆ ಎತ್ತಿ, "ಬರ್ತೀವಿ ಮೇಡಂ, ಬರ್ತೀವಿ!" ಎಂದು ಕೂಗಿಬಿಟ್ಟ.

"ಎಲ್ಲಿಗೆ ಬರ್ತೀರಿ? ನಾನು ರೀ!" ಎಂದಳು ಹೆಂಡತಿ. "ಯಾಕೆ ಎತ್ತಿದ್ರಿ? ಎತ್ತಿದ್ರೆ ದುಡ್ಡು ಹೋಗುತ್ತೆ ಅಂತ ನೀವೇ ಹೇಳಿದ್ದಲ್ವಾ? ಇಡಿ, ಇಡಿ ಮೊದ್ಲು!"

ಹೊರದೇಶದಲ್ಲಿ ಮನೆಯ ನಂಬರೂ ಅಪರಿಚಿತವಾಗಿಯೇ ಬರುತ್ತದೆ ಎಂದು ಅವನಿಗೆ ಅರ್ಥವಾಯಿತು. ತನ್ನ ಪೆದ್ದುತನಕ್ಕೆ ತಾನೇ ನಕ್ಕು, ಹೋಟೆಲ್ಲಿನ ವೈಫೈ ಸಿಕ್ಕಿದ ಮೇಲೆ ಅವಳಿಗೆ ಮೆಸೇಜು ಹಾಕಿದ: ಇನ್ನು ಎತ್ತಲ್ಲ ಮಾರಾಯ್ತಿ.

ಬುಧವಾರ ಯಂತ್ರ ದಾರಿಗೆ ಬರುತ್ತಿತ್ತು. ಕಾಗದ ಮೂಲೆಯಲ್ಲಿ ಹರಿಯುವುದೊಂದು ಬಾಕಿ. ಫಿಟ್ಟರ್ ಬಲಗೈಯನ್ನು ಮೊಣಕೈವರೆಗೆ ಒಳಗೆ ತೂರಿಸಿ ಒಂದು ಸ್ಪ್ರಿಂಗನ್ನು ಕೂದಲೆಳೆಯಷ್ಟು ಸಡಿಲಿಸುತ್ತಿದ್ದ. ಕಾರ್ಖಾನೆಗೆ ಕಾರ್ಖಾನೆಯೇ ಸಾಬೂನಿನ ವಾಸನೆಯಿಂದ ಘಮ್ಮೆನ್ನುತ್ತಿತ್ತು. ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಕೈಗಡಿಯಾರದಲ್ಲಿ ಹನ್ನೊಂದೂ ಎಂಟು. ಹೆಬ್ಬೆರಳು ಹೋಯಿತು, ಕಟ್ ಮಾಡಿತು. ಎರಡು ನಿಮಿಷ ಬಿಟ್ಟು ಮತ್ತೆ ಬಂತು. ಎರಡು! ಇವತ್ತು ಆರಾಮಾಗಿದ್ದಾಳೆ. ಅವನು ಅದನ್ನೂ ಕಟ್ ಮಾಡಿ, ಪಕ್ಕದಲ್ಲಿದ್ದ ಸೂಪರ್‌ವೈಸರನ ಕಡೆ ನೋಡಿ ಸುಮ್ಮನೆ ನಕ್ಕ. ಭಾಷೆ ಬಾರದ ಆ ಪುಣ್ಯಾತ್ಮನೂ ನಕ್ಕ. ಯಂತ್ರ ಚಾಲೂ ಮಾಡಿದರೆ ನೂರು ಸಾಬೂನು ಒಂದೂ ಹರಿಯದೆ ಹೊರಬಂದವು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ನಾಲ್ಕು ವರ್ಷದಲ್ಲಿ ಅಷ್ಟು ಹಗುರವಾಗಿ ಅವನು ಯಾವತ್ತೂ ಇರಲಿಲ್ಲ.

ಒಂದು ಗಂಟೆಯ ಹತ್ತಿರ, ಊಟದ ಹಾಲಿನಲ್ಲಿ ಕೂತಿದ್ದಾಗ ಮತ್ತೆ ಫೋನ್ ಬಂತು. ಅದನ್ನೂ ಕಟ್ ಮಾಡಿದ. ಆಮೇಲೆ ಯಾಕೋ ಕೈ ತಟ್ಟೆಗೆ ಹೋಗಲಿಲ್ಲ. ಮೆಸೇಜು ಹಾಕಿದ: ಇದೇನೇ, ಇವತ್ತು ಮೂರು ಸಲ?

ಉತ್ತರ ಕೂಡಲೇ ಬಂತು. "ಮೂರಾ? ನಾನು ಈಗ ಮಾಡಿದ್ದೊಂದೇ ರೀ. ಇಲ್ಲಿ ಗಲಾಟೇಲಿ ಮರ್ತೇ ಹೋಗಿತ್ತು. ಒಳ್ಳೇ ಸುದ್ದಿ, ಬಂದ್ಮೇಲೆ ಹೇಳ್ತೀನಿ."

ಫಿಟ್ಟರ್ ಎದ್ದು ಹೊರಗೆ ಓಡಿದ. ಪಟ್ಟಿಯಮ್ಮನ ನಂಬರ್ ಒತ್ತಿದರೆ ಹೋಗಲೊಲ್ಲದು. ದೇಶದ ಸಂಖ್ಯೆ ಸೇರಿಸಬೇಕೆಂದು ಹೊಳೆಯುವಷ್ಟರಲ್ಲಿ ಮೂರು ಸಲ ತಪ್ಪು ಒತ್ತಿದ್ದ. ನಾಲ್ಕನೆಯದಕ್ಕೆ ಅವಳು ಸಿಕ್ಕಳು.

"ಎರಡು ಸಲ ಮಾಡಿದ್ದೆ. ಎರಡು ಸಲಾನೂ ನೀವು ಕಟ್ ಮಾಡಿದ್ರಿ" ಎಂದಳು.

"ಮೇಡಂ, ಮನೆಯವಳ ಮಿಸ್ಡ್ ಕಾಲ್ ಅಂದ್ಕೊಂಡೆ. ಇನ್ನೂ ಎರಡು ಗಂಟೆಯೂ ಆಗಿಲ್ಲ. ಬರ್ತಾಳೆ ಮೇಡಂ, ಈಗ್ಲೇ ಬರ್ತಾಳೆ."

"ಮುಂದಿನೋರು ಆಗ್ಲೇ ಬಂದು ಅಡ್ಮಿಟ್ ಆಗಿದ್ದಾರೆ." ಪಟ್ಟಿಯಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. "ಫೋನ್ ಎತ್ತದಿದ್ರೆ ಬೇರೆ ಮಾತು. ಕಟ್ ಮಾಡಿದ್ರೆ ಬೇಡ ಅಂದ್ರು ಅಂತಲೇ ಬರೀಬೇಕು. ಹೆಸರು ಪಟ್ಟಿಯಿಂದ ತೆಗೆದಿದೆ. ಮತ್ತೆ ಸೇರಿಸ್ಬೇಕಾದ್ರೆ ಸಮಿತಿ ಕೂರ್ಬೇಕು, ಮೂರು ತಿಂಗಳಿಗೊಂದ್ಸಲ. ಹೃದಯದ ಹೊಸ ರಿಪೋರ್ಟ್ ತಗೊಂಡು ಬನ್ನಿ."

ಹೊಸ ರಿಪೋರ್ಟಿನಲ್ಲಿ ಏನಿರುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಅವನು ಫೋನನ್ನು ಕಿವಿಗೆ ಹಿಡಿದುಕೊಂಡೇ ಲಾರಿಗಳು ನಿಲ್ಲುವ ಅಂಗಳದಲ್ಲಿ ಕುಸಿದು ಕೂತ. ಸೂಪರ್‌ವೈಸರ್ ಓಡಿ ಬಂದು ನೀರು ಕೊಟ್ಟು ಏನೇನೋ ಕೇಳಿದ. ಹೇಳಲು ಫಿಟ್ಟರನಿಗೆ ಅವನ ಭಾಷೆ ಬರುತ್ತಿರಲಿಲ್ಲ.

ಗುರುವಾರ ಮಧ್ಯಾಹ್ನ ಅವನು ಮನೆ ತಲುಪಿದಾಗ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. ಬ್ಯಾಗು ಕೆಳಗಿಡಲೂ ಬಿಡಲಿಲ್ಲ.

"ನಮ್ಮ ಟೀಚರ್‌ಗೆ ಸಿಕ್ಕಿತು ರೀ!" ಟೀಚರ್ ಎಂದರೆ ಡಯಾಲಿಸಿಸ್ಸಿನಲ್ಲಿ ಅವಳ ಪಕ್ಕದ ಮಂಚದ ಹುಡುಗಿ. "ನಿನ್ನೆ ಅವಳ್ದು ಶುರುವಾಗಿದ್ದೇ ತಡ, ಇನ್ನೂ ಮಲ್ಗಿದ್ದಾಗ್ಲೇ ಫೋನ್ ಬಂತು. ಸೂಜಿ ತೆಗೆಸಿ ಹಾಗೇ ಓಡಿದ್ಲು. ನಾವೆಲ್ಲ ಅತ್ತಿದ್ದೇ ಅತ್ತಿದ್ದು. ಮೊದ್ಲು ಬೇರೆ ಯಾರಿಗೋ ಮಾಡಿದ್ರಂತೆ, ಅವ್ರು ಎರಡು ಸಲಾನೂ ಕಟ್ ಮಾಡಿದ್ರಂತೆ. ನರ್ಸ್ ಹೇಳಿದ್ಲು. ಯಾರೋ ಪಾಪ, ಬದುಕಿ ಬೇಸತ್ತೋರಿರ್ಬೇಕು."

ಸುಳ್ಳು ಹೇಳಬಹುದಿತ್ತು. ಸುಮ್ಮನಿರುವುದು ಇನ್ನೂ ಸುಲಭವಿತ್ತು. ಆದರೆ ಅವಳ ಮುಖದ ಆ ಸಂತೋಷ ನೋಡಿ ಅವನಿಗೆ ಎರಡೂ ಆಗಲಿಲ್ಲ.

"ಅದು ನಾನು ಕಣೇ. ನಿಂದು ಅಂದ್ಕೊಂಡೆ. ಎರಡು ಸಲ ಬಂತಲ್ಲ, ಆರಾಮಾಗಿದ್ದೀಯ ಅಂದ್ಕೊಂಡೆ."

ಅವಳು ಗೋಡೆ ಹಿಡಿದು ನಿಧಾನಕ್ಕೆ ಕುರ್ಚಿಯಲ್ಲಿ ಕೂತಳು.

"ಟೀಚರ್‌ಗೆ ಎರಡು ವರ್ಷದ ಮಗು ಇದೆ" ಎಂದಳು.

"ಇನ್ನೊಂದು ಬರುತ್ತೆ" ಎಂದ ಅವನು.

"ಬರಲ್ಲ ರೀ." ಅವಳು ಅವನ ಮುಖ ನೋಡಲಿಲ್ಲ. ತೂತು ಬಿದ್ದು ಗಂಟುಕಟ್ಟಿದ ತನ್ನ ತೋಳನ್ನು ಇನ್ನೊಂದು ಕೈಯಿಂದ ಸವರಿಕೊಳ್ಳುತ್ತಿದ್ದಳು. "ಮನೇಲಿ ನಿಮ್ಮ ಫೋನ್ ಬಂದಾಗೆಲ್ಲ ನಾನು ಒಲೆ ಆರಿಸಿ, ಉಸಿರು ಬಿಗಿಹಿಡ್ಕೊಂಡು, ಅಡಿಗೆಮನೆ ಬಾಗಿಲ ಹಿಂದೆ ನಿಂತ್ಕೊಂಡು ಕೇಳಿಸ್ಕೋತಿದ್ದೆ. ಒಂದು ಸಲಾನೂ ತಪ್ಪಿಸಿಲ್ಲ."

ಫಿಟ್ಟರನಿಗೆ ಅದು ಗೊತ್ತಿರಲಿಲ್ಲ.