ಅಳಿಯನ ವೀಸಾ ಮತ್ತು ತಲೆ ತಗ್ಗಿಸಿದ ಮದುಮಗಳು

ಇಂಗ್ಲೆಂಡಿನ ಲ್ಯೂಟನ್ ಪಟ್ಟಣದ ಆ ಬೀದಿಯಲ್ಲಿ ಮನೆಗೊಬ್ಬ ಅಳಿಯನೋ ಸೊಸೆಯೋ ವೀಸಾಕ್ಕೆ ಕಾಯುತ್ತಿರುತ್ತಾರೆ. ಗುಲನಾಹಾರಳ ಅಳಿಯ ಶಮ್ಸುಲ್ ಬಾಂಗ್ಲಾದೇಶದ ಸಿಲ್ಹೆಟ್‌ನಲ್ಲಿ ಕಾದೂ ಕಾದೂ ಸುಸ್ತಾದ. ಕೊನೆಗೆ ಬಂದದ್ದು ತಿರಸ್ಕಾರದ ಪತ್ರ. ಇದು ನಿಜವಾದ ದಾಂಪತ್ಯವೆಂದು ನಂಬಲಾಗುವುದಿಲ್ಲವಂತೆ. ಮದುವೆ ಫೋಟೋದಲ್ಲಿ ಹುಡುಗಿ ನಗುತ್ತಿಲ್ಲವಂತೆ, ಗಂಡ ಹೆಂಡತಿಗೆ ಫೋನ್ ಮಾಡಿದ ದಾಖಲೆಯೇ ಇಲ್ಲವಂತೆ.

ಮದುಮಗಳು ಹಲ್ಲು ಕಿರಿದಿದ್ದರೆ ಊರ ಬಾಯಿಗೆ ಆಹಾರವಾಗುತ್ತಿದ್ದಳು. ತಲೆ ತಗ್ಗಿಸು ಎಂದು ಮಗಳು ತಹಮಿನಾಳ ಕತ್ತು ಒತ್ತಿದವಳು ಗುಲನಾಹಾರಳೇ. ಈಗ ಮಗಳು ಊಟ ಬಿಟ್ಟು ಮಲಗಿದ್ದಳು.

ವಿಷಯ ತಿಳಿದು ಪಕ್ಕದ ಮನೆಯ ರೊಕೆಯಾ ಬಂದಳು. ಗುಲನಾಹಾರಳನ್ನು ಅವಳು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವುದು.

"ಮೇಲ್ಮನವಿ ಹಾಕಿ ಖಾಲಾ. ಕುಟುಂಬ ಜೀವನದ ಹಕ್ಕು ಅಂತ ಒಂದಿದೆ."

"ಅರ್ಜಿ ಹಾಕ್ಕೊಟ್ಟ ಟ್ರಾವೆಲ್ಸ್‌ನವನು ಹೊಸ ಅರ್ಜಿ ಹಾಕೋಣ ಅಂತಾನಮ್ಮ."

"ಅವನು ಟಿಕೆಟ್ ಮಾರೋನು, ವಕೀಲ ಅಲ್ಲ."

"ಗಂಡ ಹೆಂಡಿರ ಗುಟ್ಟನ್ನ ಕೋರ್ಟಲ್ಲಿ ಬಿಚ್ಚೋಕೆ ನಾವೇನು ಮಾನಗೆಟ್ಟೋರಾ?"

"ನಾನು ಮಾನ ಉಳಿಸ್ಕೊಂಡೆ ಖಾಲಾ. ನನ್ನ ಗಂಡನ ವೀಸಾ ತಿರಸ್ಕಾರ ಆದಾಗ ನಮ್ಮಪ್ಪನೂ ಹೊಸ ಅರ್ಜಿ ಅಂದ್ರು, ಮೇಲ್ಮನವಿ ವಾಯಿದೆ ಕಳೀತು. ಹೊಸದೂ ತಿರಸ್ಕಾರ ಆಯ್ತು. ಅಲ್ಲಿ ನನ್ನ ಗಂಡನಿಗೂ ಸಾಕಾಯ್ತು. ಈಗ ಅವರಿಗೆ ಬೇರೆ ಹೆಂಡತಿ ಇದ್ದಾಳೆ, ಮಕ್ಕಳಿದ್ದಾರೆ. ನಂಗೆ ಮಾನ ಇದೆ."

ಗುಲನಾಹಾರಳು ಪತ್ರವನ್ನು ಮತ್ತೆ ಬಿಚ್ಚಿ ನೋಡಿದಳು. ಆಮೇಲೆ ಕೇಳಿದಳು: "ಸಾಕ್ಷಿ ಎಲ್ಲಿಂದ ತರ್ಲಿ? ಮಗಳ ಫೋನಿಗೆ ಶಮ್ಸುಲ್ ಮಾಡೇ ಇಲ್ವಲ್ಲ."

"ಮತ್ತೆ ಯಾರ ಫೋನಿಗೆ ಮಾಡ್ತಾನೆ?"

"ನನ್ನದಕ್ಕೆ, ದಿನಾ. ಅತ್ತೆಗೆ ಸಲಾಂ ಹೇಳ್ದೆ ಹೆಂಡ್ತೀನ ಕರೆಯೋಕಾಗುತ್ತಾ? ಫೋನ್ ಅವಳ ಕೈಗೆ ಕೊಟ್ಟು ನಾನು ಅಡುಗೆಮನೆಗೆ ಹೋಗ್ತೀನಿ."

"ಅದೇ ಸಾಕ್ಷಿ. ನಮ್ಮ ಪದ್ಧತಿ ಅವರಿಗೇನು ಗೊತ್ತು? ನೀವೇ ಹೇಳ್ಬೇಕು."

ವಾಯಿದೆ ಇನ್ನೂ ಇತ್ತು. ಮರುದಿನವೇ ತಾಯಿ, ಮಗಳು, ರೊಕೆಯಾ ಮೂವರೂ ಉಚಿತ ಕಾನೂನು ನೆರವಿನ ಕಚೇರಿಗೆ ಹೋದರು. ಅಲ್ಲಿನ ಸಲಹೆಗಾರ್ತಿ ಫೋನಿನ ಕರೆಗಳನ್ನೆಲ್ಲ ನೋಡಿ, "ಮಗಳ ಸಂಸಾರದ ಬಗ್ಗೆ ನಿಮಗೇನು ಗೊತ್ತು?" ಎಂದು ಗುಲನಾಹಾರಳನ್ನು ಕೇಳಿದಳು. ಪರರ ಮುಂದೆ ಇಂಥದ್ದನ್ನು ಹೇಳುವುದು ಅವಳಿಗೆ ಪ್ರಾಣಸಂಕಟ. ಸೆರಗಿನ ಅಂಚು ಹಿಸುಕುತ್ತ ಕೂತಳು.

"ಫೋನಿಟ್ಟ ಮೇಲೆ ಮಗಳು ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅಳ್ತಾಳೆ," ಎಂದಳು ಕೊನೆಗೆ. "ಕೇಳಿಸೇ ಇಲ್ಲ ಅನ್ನೋ ಹಾಗೆ ಇರ್ತೀನಿ ನಾನು. ಇದನ್ನೂ ಬರ್ಕೊಳ್ಳಿ."

ತಹಮಿನಾ ಅಮ್ಮನ ಮುಖ ನೋಡಿದಳು. ಆಮೇಲೆ ಎಲ್ಲರೆದುರೇ ಅತ್ತಳು.

ಮೇಲ್ಮನವಿ ಹೋಗಿದೆ. ವಿಚಾರಣೆಯ ದಿನ ಇನ್ನೂ ಬಂದಿಲ್ಲ. ಗೆದ್ದೇ ಗೆಲ್ಲುತ್ತೀರಿ ಎಂದು ಯಾರೂ ಮಾತು ಕೊಟ್ಟಿಲ್ಲ.

ತಾಯಂದಿರೇ, ನಿಮ್ಮ ಮನೆಗೂ ಇಂಥ ಪತ್ರ ಬಂದರೆ ಮೊದಲು ಮೇಲ್ಮನವಿಯ ಕೊನೆಯ ದಿನ ನೋಡಿ. ಅಂದೇ ಪರವಾನಗಿ ಇರುವ ಸಲಹೆಗಾರರನ್ನು ಕಾಣಿ. ಕಂಡದ್ದನ್ನು, ಕೇಳಿಸಿಕೊಂಡದ್ದನ್ನು ಇದ್ದಂತೆ ಹೇಳಿ. ಅಳುವ ಮಗಳ ಮದುವೆಯನ್ನು ಸುಳ್ಳೆಂದು ಬರೆದವರು ನಾಚಿಕೊಳ್ಳಲಿ, ನೀವು ಬಾಯಿ ಬಿಡಿ.